ಬೇಲಿಯ ಮೇಲಿನ ಅಗ್ನಿಶಿಖೆ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬೇಲಿಯ ಮೇಲೆ ಕೆಂಪು-ಹಳದಿ ಹೂ ಬಿಡುವ ಬಳ್ಳಿ ಯಾವುದು? ಕುಂಡದಲ್ಲಿ ಬೆಳೆಸಬಹುದೇ?

ಉತ್ತರ: ನೀವು ಕಂಡದ್ದು ಅಗ್ನಿಶಿಖೆ ಇರಬೇಕು, ಗೌರಿ ಹೂ ಎಂದೂ ಕರೆಯುತ್ತಾರೆ. ಎಲೆಯನ್ನು ಹತ್ತಿರದಿಂದ ನೋಡಿ: ಅದರ ತುದಿಯೇ ಸುರುಳಿಯಾಗಿ ಆಸರೆಗೆ ಸುತ್ತಿಕೊಂಡಿರುತ್ತದೆ. ಅಲೆಯಂಚಿನ ಆರು ದಳಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ದಿನ ಕಳೆದಂತೆ ಹಳದಿ ಮಾಸಿ ಕೆಂಪೇರುತ್ತವೆ.

ಬೆಳೆಸಬಹುದು. ಮುಂಗಾರಿಗೆ ಮುಂಚೆ ಗೆಡ್ಡೆಯನ್ನು ನೀರು ನಿಲ್ಲದ ಮಣ್ಣಿನಲ್ಲಿ, ಮೊಳಕೆಯ ತುದಿ ಮುರಿಯದಂತೆ ಅಡ್ಡಲಾಗಿ ನೆಟ್ಟು, ಹಬ್ಬಲು ಕೋಲು ಕೊಡಿ. ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಿ; ಗೆಡ್ಡೆ ಮರುವರ್ಷ ಚಿಗುರುತ್ತದೆ.

ಆದರೆ ಇಡೀ ಗಿಡವೇ ವಿಷ. ಗೆಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ವಿಷ ಹೆಚ್ಚು; ಗೆಣಸೆಂದು ತಿಂದು ಸತ್ತವರಿದ್ದಾರೆ. ಕೈಗವಸು ಹಾಕಿಯೇ ಮುಟ್ಟಿ. ಚಿಕ್ಕ ಮಕ್ಕಳು, ದನಕರು ಇರುವ ಮನೆಗೆ ಇದು ಬೇಡ. ಯಾರಾದರೂ ತಿಂದರೆ, ವಾಂತಿ-ಭೇದಿ ಶುರುವಾಗಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.