ಸಾಂಪ್ರದಾಯಿಕ ಆಹಾರದ ಪುನರ್ವಿನ್ಯಾಸವೂ ಕನ್ನಡ ವಾಙ್ಮಯವೂ

ವಿನ್ಯಾಸವಿದ್ಯೆಯನ್ನು ಬೋಧಿಸುವ ವಿದ್ಯಾಲಯಗಳಲ್ಲಿ ಈಗ ವಿದ್ಯಾರ್ಥಿಗಳಿಗೆ ಒಂದು ಬಗೆಯ ಅಭ್ಯಾಸವನ್ನು ವಿಧಿಸುವ ಪದ್ಧತಿಯುಂಟು. ನಾಲ್ಕೈದು ಮಂದಿ ಒಂದು ತಂಡವಾಗಿ ಸೇರಿ, ನಾಡಿನ ಯಾವುದಾದರೊಂದು ಸಾಂಪ್ರದಾಯಿಕ ಆಹಾರವನ್ನು ಆರಿಸಿಕೊಳ್ಳಬೇಕು. ನೀರು ಕಡಿಮೆಯಾಗಿ, ನಗರಗಳು ಬೆಳೆದು, ಅಡಿಗೆಗೆ ಬಿಡುವಿಲ್ಲದಂತಾಗುವ ಮುಂದಿನ ಕಾಲದಲ್ಲಿ ಆ ಆಹಾರವು ಯಾವ ರೂಪದಲ್ಲಿ ಉಳಿದೀತೆಂಬುದನ್ನು ಕಲ್ಪಿಸಿ, ಮಾದರಿಯನ್ನು ಮಾಡಿ ತೋರಿಸಬೇಕು. ಮೊದಲು ಅಡುವವರನ್ನೂ ಉಣ್ಣುವವರನ್ನೂ ಕಂಡು ವಿಚಾರಿಸುವುದು, ಬಳಿಕ ಕಲ್ಪಿಸುವುದು, ಆಮೇಲೆ ಮಾದರಿಯನ್ನು ಜನರ ಮುಂದಿಟ್ಟು ಪರೀಕ್ಷಿಸಿ ತಿದ್ದುವುದು, ಇದು ಅವರ ಕ್ರಮ.

ಇಂಥ ವಿಷಯಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೇಕೆಂದು ವಾಚಕರು ಕೇಳಬಹುದು. ಅಡಿಗೆಯವರಿಗೂ ಯಂತ್ರಶಿಲ್ಪಿಗಳಿಗೂ ಸೇರಿದ ಕೆಲಸವಿದೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಈ ಕೆಲಸದ ಮೊದಲ ಹೆಜ್ಜೆ ಶಬ್ದಾರ್ಥವಿಚಾರವೇ ಆಗಿದೆ. ಒಂದು ಆಹಾರಕ್ಕೆ ಈಗಿರುವ ರೂಪವು ಏಕೆ ಬಂದಿತೆಂಬುದನ್ನು ತಿಳಿಯದೆ ಆ ರೂಪವನ್ನು ಬದಲಿಸಹೊರಟವನು ಬೇಡವಾದುದನ್ನು ಉಳಿಸಿ ಬೇಕಾದುದನ್ನು ಕಳೆಯುವನು. ಆ ‘ಏಕೆ’ ಎಂಬುದಕ್ಕೆ ಉತ್ತರವಾದರೋ ಬಹುಮಟ್ಟಿಗೆ ಗ್ರಂಥಗಳಲ್ಲಿಯೂ ಅಡಿಗೆಮನೆಯ ಮಾತುಗಳಲ್ಲಿಯೂ ಅಡಗಿದೆ. ಇದನ್ನು ಇಡ್ಡಲಿ ಮತ್ತು ರಾಗಿ ಎಂಬೆರಡು ನಿದರ್ಶನಗಳಿಂದ ವಿವರಿಸುವುದು ಈ ಲೇಖನದ ಉದ್ದೇಶ.

1

‘ಸಾಂಪ್ರದಾಯಿಕ’ ಎಂಬ ಮಾತನ್ನು ಕೇಳಿದೊಡನೆ ಬದಲಾಗದೆ ಬಂದ ವಸ್ತುವೊಂದು ವಿದ್ಯಾರ್ಥಿಯ ಮನಸ್ಸಿಗೆ ಹೊಳೆಯುತ್ತದೆ. ನಮ್ಮ ಗ್ರಂಥಗಳು ಹೇಳುವುದು ಬೇರೆ. ಸುಮಾರು 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ಭಕ್ಷ್ಯದ ಹೆಸರು ಬರುತ್ತದೆ. ಕ್ರಿ. ಶ. 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನೂ ಕೂಡಿಸುವ ವಿಧಾನವಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸವು ‘ಇಡ್ಡರಿಕಾ’ ಎಂಬ ಹೆಸರಿನಲ್ಲಿ ವರ್ಣಿಸುವುದೂ ಉದ್ದಿನಿಂದಾದ ಭಕ್ಷ್ಯವನ್ನೇ. ಇಂದಿನ ಇಡ್ಡಲಿಯ ಮೂರು ಲಕ್ಷಣಗಳು, ಎಂದರೆ ಉದ್ದಿನೊಡನೆ ಅಕ್ಕಿಯ ತರಿಯನ್ನು ಬೆರಸುವುದು, ರಾತ್ರಿಯೆಲ್ಲ ಹುದುಗಲು ಬಿಡುವುದು, ಆವಿಯಲ್ಲಿ ಬೇಯಿಸುವುದು, ಈ ಹಳೆಯ ವರ್ಣನೆಗಳಲ್ಲಿ ಕಾಣಬರುವುದಿಲ್ಲವೆಂದು ಆಹಾರೇತಿಹಾಸವನ್ನು ಬರೆದ ಕೆ. ಟಿ. ಅಚಯ ಅವರು ತೋರಿಸಿದ್ದಾರೆ. ಹೆಸರು ಸಾವಿರ ವರ್ಷ ನಡೆದುಬಂದಿತು. ವಸ್ತುವು ಆ ಹೆಸರಿನ ಆಶ್ರಯದಲ್ಲಿಯೇ ಮಾರ್ಪಟ್ಟಿತು. ಮಾರ್ಪಾಡು ಅಲ್ಲಿಗೂ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ಗೋದಿಯ ರವೆಯಿಂದ ಇಡ್ಡಲಿಯನ್ನು ಮಾಡಿದೆವೆಂದು ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ರವೆ ಇಡ್ಡಲಿಯನ್ನು ಇಂದು ಯಾರೂ ಪರಕೀಯವೆನ್ನುವುದಿಲ್ಲ.

ಶಬ್ದಗಳೂ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರದಲ್ಲಿ ಹಿಟ್ಟಿನ ಭಕ್ಷ್ಯಗಳನ್ನೂ ಪಾನಕಗಳನ್ನೂ ಬದನೆ, ಬಾಳೆ, ಹಲಸು ಮೊದಲಾದವುಗಳ ಪಾಕಗಳನ್ನೂ ಷಟ್ಪದಿಯಲ್ಲಿ ಹೇಳಿದ್ದಾನೆ. ಆ ಅಡಿಗೆಮನೆಯಲ್ಲಿ ಖಾರಕ್ಕೆ ಮೆಣಸು. ಅಮೆರಿಕಾ ಖಂಡದ ಕಾಯಿಯೊಂದು ಪೋರ್ತುಗೀಸರ ಮೂಲಕ ಈ ದೇಶಕ್ಕೆ ಬಂದ ಮೇಲೆ, ಕನ್ನಡಿಗರು ಅದಕ್ಕೆ ಬೇರೆ ಹೆಸರನ್ನು ಹುಡುಕದೆ, ತಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದು ಕರೆದರು. ಪರಂಗಿಯವರಿಂದ ಬಂದ ಹಣ್ಣು ‘ಪರಂಗಿಹಣ್ಣು’ ಆಯಿತು. ಮೊದಲನೆಯ ಹೆಸರಿನಲ್ಲಿ ಹೊಸದು ಹಳೆಯದರ ಕೆಲಸವನ್ನು ಮಾಡಿತೆಂಬ ಸಂಗತಿಯಿದೆ. ಎರಡನೆಯದರಲ್ಲಿ ಅದು ಎಲ್ಲಿಂದ ಬಂದಿತೆಂಬ ನೆನಪು ಉಳಿದಿದೆ. ಆದುದರಿಂದ ಆಹಾರದ ಪುನರ್ವಿನ್ಯಾಸವು ಈ ಕಾಲದ ವಿದ್ಯಾಲಯಗಳಲ್ಲಿ ಹುಟ್ಟಿದುದಲ್ಲ. ವಿದ್ಯಾರ್ಥಿಗಳು ತಾವು ಸಂಪ್ರದಾಯವನ್ನು ಮುರಿಯುತ್ತಿದ್ದೇವೆಂದು ಅಳುಕಬೇಕಾದುದೂ ಇಲ್ಲ, ಮೊದಲ ಬಾರಿಗೆ ಮಾಡುತ್ತಿದ್ದೇವೆಂದು ಬೀಗಬೇಕಾದುದೂ ಇಲ್ಲ.

2

ಇನ್ನು ರಾಗಿಯ ವಿಚಾರ. ರಾಗಿಯ ಮೂಲಸ್ಥಾನವು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬಹು ಪೂರ್ವದಲ್ಲಿಯೇ ಅದು ಇಲ್ಲಿಗೆ ಬಂದು ದಕ್ಷಿಣ ಕರ್ನಾಟಕದ ಒಣಭೂಮಿಯ ಮುಖ್ಯಧಾನ್ಯವಾಯಿತು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ವಿನ್ಯಾಸದ ಅಭ್ಯಾಸಗಳಿಗೆ ರಾಗಿಯು ಒಪ್ಪುವ ವಸ್ತುವಾಗಿದೆ.

ತಂಡವು ಮುದ್ದೆಯನ್ನು ಆರಿಸಿಕೊಂಡಿತೆನ್ನೋಣ. ಅವರ ಮೊದಲ ಪ್ರಶ್ನೆ: ‘ಇದು ಉಂಡೆಯೇ ಏಕಾಗಿರಬೇಕು?’ ಉತ್ತರವನ್ನು ಕಾಳಿನಿಂದಲೇ ಆರಂಭಿಸಬೇಕು. ರಾಗಿಯ ಸಿಪ್ಪೆಯು ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ತಿರುಳಾದರೋ ಮೆದುವಾಗಿ ಪುಡಿಯಾಗುವಂಥದು. ಭತ್ತದಂತೆ ಕುಟ್ಟಿದರೆ ಅಕ್ಕಿ ಬರುವುದಿಲ್ಲ, ಎರಡೂ ಸೇರಿ ಹಿಟ್ಟಾಗುತ್ತವೆ. ಆದುದರಿಂದ ರಾಗಿಯನ್ನು ಅನ್ನದಂತೆ ಬೇಯಿಸಲಾಗದು. ಅದರ ಹಿಟ್ಟಿಗೆ ಗೋದಿಯ ಜಿಗುಟೂ ಇಲ್ಲ. ತಣ್ಣೀರಿನಲ್ಲಿ ಕಲಸಿ ಎಳೆದರೆ ಹರಿಯುತ್ತದೆ. ಅದನ್ನು ಒಂದುಗೂಡಿಸುವುದು ಎಸರಿನ ಕಾವು. ಎಸರು ಕುದಿಯುವಾಗ ಹಿಟ್ಟನ್ನು ಸುರಿದು, ಬೇಯಗೊಟ್ಟು, ಮುದ್ದೆಕೋಲಿನಿಂದ ಗಂಟಿಲ್ಲದಂತೆ ತೊಳಸಿದಾಗ ಹಿಟ್ಟಿನ ಪಿಷ್ಟವು ನೀರನ್ನು ಹೀರಿ ಉಬ್ಬಿ ಅಂಟಾಗುತ್ತದೆ. ಆ ಬಿಸಿಯಲ್ಲಿಯೇ ಕಟ್ಟಿದರೆ ಮುದ್ದೆ. ಎಂದರೆ, ಉಂಡೆಯ ಆಕಾರವು ಅಲಂಕಾರವಲ್ಲ. ಕಾಳಿನ ಸ್ವಭಾವ, ನೀರು, ಬೆಂಕಿ, ತೋಳಿನ ಬಲ ಇವುಗಳ ಫಲ. ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರಿರುವುದನ್ನು ಇಲ್ಲಿ ನೆನೆಯಬಹುದು.

ಈ ಕಾರಣವನ್ನರಿತವರಿಗೆ ದಾರಿ ತೆರೆಯುತ್ತದೆಂಬುದಕ್ಕೆ ಒಂದು ದೃಷ್ಟಾಂತವುಂಟು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ರಾಗಿಯನ್ನು ನೆನೆಸಿ ಆವಿಯಲ್ಲಿ ಬೇಯಿಸಿ ಒಣಗಿಸಿದರೆ ಮೆದುವಾದ ತಿರುಳು ಗಟ್ಟಿಯಾಗುವುದನ್ನು ಕಂಡು, ಆ ಬಳಿಕ ಸಿಪ್ಪೆಯನ್ನು ತೆಗೆಯುವ ವಿಧಾನವನ್ನು ಸಾಧಿಸಿದರು. ಹೀಗೆ ಸಿದ್ಧವಾದ ಕಾಳನ್ನು ಅನ್ನದಂತೆ ಬೇಯಿಸಬಹುದು. ಇದು ನಿಜವಾದ ಪುನರ್ವಿನ್ಯಾಸ. ಅವರು ಉಂಡೆಯನ್ನು ಚೌಕಮಾಡಲಿಲ್ಲ. ಉಂಡೆಗೆ ಕಾರಣವಾದ ತೊಡಕನ್ನೇ ಬಿಡಿಸಿದರು. ಆದರೆ ಇದಕ್ಕೂ ಬೆಲೆಯಿದೆ. ರಾಗಿಯ ಸುಣ್ಣಾಂಶದ ಗಣನೀಯ ಭಾಗವೂ ನಾರೂ ಸಿಪ್ಪೆಯಲ್ಲಿಯೇ ಇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 365 ಮಿಲಿಗ್ರಾಂ ಸುಣ್ಣಾಂಶವಿದ್ದರೆ, ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಸಿಪ್ಪೆಯೊಡನೆ ಇದರಲ್ಲಿ ಎಷ್ಟು ಹೋಯಿತೆಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಹೊಸ ರೂಪವು ಕೊಡುವುದನ್ನು ಮಾತ್ರ ಬರೆದು, ಕಳೆಯುವುದನ್ನು ಬರೆಯದ ಯೋಜನೆಯು ಅರ್ಧ ಯೋಜನೆ.

3

ಶಬ್ದಗಳ ಮಾತಿಗೆ ಬರೋಣ. ಮುಂದಿನ ಕಾಲದ ಆಹಾರಕ್ಕೆ ವಿದ್ಯಾರ್ಥಿಗಳು ಬಯಸುವ ಗುಣಗಳು ಸಾಮಾನ್ಯವಾಗಿ ಇವು: ಬೆಂಕಿಯಿಲ್ಲದೆ ಕ್ಷಣದಲ್ಲಿ ಸಿದ್ಧವಾಗಬೇಕು, ಮಕ್ಕಳಿಗೆ ಪುಷ್ಟಿಯಾಗಬೇಕು, ಬೇಸಗೆಯಲ್ಲಿ ತಂಪೆರೆಯಬೇಕು, ಕೆಡದೆ ಬಹುಕಾಲ ಉಳಿಯಬೇಕು. ಈ ನಾಲ್ಕಕ್ಕೂ ಕನ್ನಡದಲ್ಲಿ ಮೊದಲೇ ಮಾತುಗಳಿವೆ.

ಮೊದಲನೆಯದು ಹುರಿಹಿಟ್ಟು. ಹದವಾಗಿ ನೀರು ಸೋಕಿಸಿದ ರಾಗಿಯನ್ನು ಕಾದ ಮರಳಿನಲ್ಲಿ ಹುರಿದರೆ, ಕಾಳಿನೊಳಗಿನ ತೇವವು ಆವಿಯಾಗಿ ಕಾಳು ಅರಳುತ್ತದೆ. ಆ ಅರಳನ್ನು ಬೀಸಿದ ಹಿಟ್ಟು ಆಗಲೇ ಬೆಂದಿರುವುದರಿಂದ, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಬೆಲ್ಲದ ನೀರಿನಲ್ಲಿಯೋ ಕಲಸಿ ತಿನ್ನಬಹುದು. ಎರಡನೆಯದು ಮೊಳಕೆಯ ರಾಗಿಯ ಸರಿ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವು ಹುಟ್ಟುವುದರಿಂದ ಅದರ ಗಂಜಿಯು ಗಟ್ಟಿಯಾಗದೆ ತೆಳುವಾಗಿರುತ್ತದೆ. ಆದಕಾರಣ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟನ್ನು ಸೇರಿಸಿ ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಸಾರವನ್ನು ಊಡಬಹುದು. ಸುಣ್ಣಾಂಶ ಕಬ್ಬಿಣಾಂಶಗಳು ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಎಂಬ ದ್ರವ್ಯವೂ ಮೊಳೆಯುವುದರಿಂದ ತಗ್ಗುತ್ತದೆ. ಮೂರನೆಯದು ಅಂಬಲಿ, ಮಜ್ಜಿಗೆಯೊಡನೆ ಕೂಡಿಸಿ ಹುಳಿಯಬಿಟ್ಟಾಗ ಅದರಲ್ಲಿಯೂ ಇದೇ ಬಗೆಯ ಉಪಕಾರವಾಗುತ್ತದೆ. ನಾಲ್ಕನೆಯದು ಹಗೇವು: ನೆಲದಲ್ಲಿ ತೋಡಿ, ಧಾನ್ಯವನ್ನು ತುಂಬಿ, ಬಾಯಿ ಮುಚ್ಚಿಡುವ ಕಣಜ. ಸಣ್ಣದಾದ ಗಟ್ಟಿ ಸಿಪ್ಪೆಯ ರಾಗಿಗೆ ಹುಳು ಹಿಡಿಯುವುದು ಅಪರೂಪ. ಹಗೇವಿನಲ್ಲಿ ಅದು ಹಲವು ವರ್ಷ ಉಳಿಯುತ್ತಿತ್ತು.

ಈ ಕಡೆಯ ಸಂಗತಿಯನ್ನು ಕನಕದಾಸನು ಕಾವ್ಯವಸ್ತುವಾಗಿಸಿದುದನ್ನು ವಿದ್ವಾಂಸರು ಬಲ್ಲರು. ರಾಮಧಾನ್ಯಚರಿತ್ರೆಯಲ್ಲಿ ವ್ರೀಹಿಗೂ ನರೆದಲೆಗನೆಂಬ ರಾಗಿಗೂ ಶ್ರೇಷ್ಠತೆಯ ವಿವಾದವುಂಟಾಗುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿಯು ಸೊರಗಿರುತ್ತದೆ, ನರೆದಲೆಗನು ಗಟ್ಟಿಯಾಗಿರುತ್ತಾನೆ. ರಾಘವನು ಮೆಚ್ಚಿ ಅವನಿಗೆ ತನ್ನ ಹೆಸರನ್ನೇ ಕೊಡುತ್ತಾನೆ. ‘ರಾಗಿ’ ಎಂಬುದಕ್ಕೆ ಕವಿಯು ಹೇಳುವ ಈ ವ್ಯುತ್ಪತ್ತಿಯನ್ನು ಭಾಷಾಶಾಸ್ತ್ರದ ನಿರ್ಣಯವೆಂದು ಗ್ರಹಿಸಬೇಕಾಗಿಲ್ಲ. ಆದರೆ ಆರು ತಿಂಗಳ ಸೆರೆಯೆಂಬ ಕಲ್ಪನೆಯ ಹಿಂದೆ ಹಗೇವನ್ನು ಕಂಡ ಕಣ್ಣಿದೆ. ಧಾನ್ಯದ ಗುಣಪರೀಕ್ಷೆಗೆ ಕಾಲವನ್ನೇ ಒರೆಗಲ್ಲಾಗಿಸಿದ ಈ ಕಾವ್ಯಕ್ಕಿಂತ ಉತ್ತಮವಾದ ಪಾಠವನ್ನು ವಿನ್ಯಾಸದ ವಿದ್ಯಾರ್ಥಿಗೆ ಎಲ್ಲಿಂದ ತರೋಣ?

ಆ ಕಾವ್ಯವು ಇನ್ನೊಂದು ಎಚ್ಚರವನ್ನೂ ಕೊಡುತ್ತದೆ. ಅಲ್ಲಿನ ವಾದವು ಧಾನ್ಯಗಳದು ಮಾತ್ರವಲ್ಲ, ಅವುಗಳನ್ನು ಉಣ್ಣುವವರದು. ಉಳ್ಳವರ ಅನ್ನವು ಬಡವರ ಹಿಟ್ಟನ್ನು ಹೀಯಾಳಿಸಿದ ಕಥೆಯದು. ಅದೇ ಹಿಟ್ಟು ಚೆಲುವಾದ ಪೊಟ್ಟಣವನ್ನು ಹೊಕ್ಕು, ತಲೆತಲಾಂತರದಿಂದ ಅದನ್ನುಂಡವರ ಕೈಗೆಟುಕದ ಬೆಲೆಗೆ ಮಾರಾಟವಾದರೆ, ನರೆದಲೆಗನಿಗೆ ಹೆಸರು ಬಂದು ಅವನ ಮನೆಯವರಿಗೆ ಹಸಿವು ಬಂದಂತಾಯಿತು. ಬೀಸುವ ಕಲ್ಲಿನ ಮುಂದೆ ಕುಳಿತ, ಒಲೆಯ ಮುಂದೆ ಹಿಟ್ಟು ತೊಳಸಿದ ಹೆಂಗಸರ ದುಡಿಮೆಯನ್ನು ಮರೆತು ಹಳೆಯ ಅಡಿಗೆಯನ್ನು ಹೊಗಳುವುದೂ ತಕ್ಕುದಲ್ಲ. ಆ ದುಡಿಮೆಯನ್ನು ಹಗುರಮಾಡುವ ಯೋಜನೆಯು ಸಂಪ್ರದಾಯಕ್ಕೆ ದ್ರೋಹವಾಗದು.

4

ಸಾಹಿತ್ಯದ ಅಧ್ಯಾಪಕರು ಇಲ್ಲಿ ಮಾಡಬಹುದಾದ ಕಾರ್ಯವೇನು? ಮೊದಲನೆಯದಾಗಿ, ಪದಸಂಗ್ರಹ. ವಿದ್ಯಾರ್ಥಿಗಳು ತಮ್ಮ ಯೋಜನೆಗಳನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಲ್ಲಿ ಹುರಿಹಿಟ್ಟು, ಮೊಳಕೆಹಿಟ್ಟು, ಹಸಿಹಿಟ್ಟು ಮೂರೂ ‘ಪೌಡರ್’ ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ಮೂರು ಮಾತು ಒಂದಾದಾಗ ಮೂರು ವಿಧಾನಗಳ ಭೇದವೂ ಮರೆತುಹೋಗುತ್ತದೆ. ಕಡೆಗೆ ಅಜ್ಜಿಯರು ಬಲ್ಲ ಹುರಿಹಿಟ್ಟನ್ನೇ ಬಹು ಪ್ರಯಾಸದಿಂದ ಹೊಸದಾಗಿ ಕಂಡುಹಿಡಿದೆವೆಂದು ಹೇಳುವ ಪ್ರಸಂಗ ಬರುತ್ತದೆ. ಎರಡನೆಯದಾಗಿ, ಕಾಲನಿರ್ಣಯ. ಹಳೆಯ ಗ್ರಂಥದಲ್ಲಿ ಹೆಸರಿದ್ದ ಮಾತ್ರಕ್ಕೆ ಇಂದಿನ ವಸ್ತುವೇ ಅಲ್ಲಿತ್ತೆಂಬ ಭ್ರಾಂತಿಯನ್ನು, ಇಡ್ಡಲಿಯ ನಿದರ್ಶನವನ್ನಿಟ್ಟು, ನಿವಾರಿಸಬೇಕು. ಮೂರನೆಯದಾಗಿ, ಸಾಹಚರ್ಯ. ಮುದ್ದೆಯೊಡನೆ ಹುರುಳಿಯ ಸಾರು, ಸೊಪ್ಪಿನ ಬಸ್ಸಾರು ಬರುವುದು ರುಚಿಗಾಗಿ ಮಾತ್ರವಲ್ಲ. ರಾಗಿಯ ಸಸಾರಜನಕದಲ್ಲಿ ಕೊರತೆಯಾದ ಲೈಸೀನ್ ಎಂಬ ಅಂಶವನ್ನು ಬೇಳೆಕಾಳುಗಳು ತುಂಬಿಕೊಡುತ್ತವೆ. ಶಬ್ದವನ್ನು ವಾಕ್ಯದಿಂದ ಕಿತ್ತು ಅರ್ಥ ಹೇಳಲಾಗದೆಂಬುದನ್ನು ನಾವು ತರಗತಿಯಲ್ಲಿ ನಿತ್ಯವೂ ಬೋಧಿಸುತ್ತೇವಷ್ಟೆ. ಆಹಾರವೂ ಹಾಗೆಯೇ, ಊಟವೇ ಅದರ ವಾಕ್ಯ.

ಹಳೆಯದೂ ಹೊಸದೂ ಕೂಡಿ ಬಾಳಿದ ಒಂದು ಉದಾಹರಣೆಯೊಡನೆ ಮುಗಿಸುವೆನು. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಅಧಿಕ ಇಳುವರಿಯ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಎರಡು ನಾಡುಗಳ ಹೆಸರುಗಳ ಮೊದಲ ಅಕ್ಷರಗಳು ಕೂಡಿ ಆದ ಹೆಸರು ಅದು. ಎಂದೋ ಬೀಳ್ಕೊಂಡು ಬಂದ ತವರಿನ ಕಾಳು ಮತ್ತೆ ಬಂದು ಇಲ್ಲಿಯ ಕಾಳಿನೊಡನೆ ಸೇರಿತು. ರೈತನು ಅದನ್ನು ರಾಗಿಯೆಂದೇ ಬಿತ್ತಿದನು, ಮನೆಯವರು ರಾಗಿಯೆಂದೇ ಉಂಡರು. ವಿದ್ಯಾರ್ಥಿಗಳ ಕಲ್ಪನೆಗಳಲ್ಲಿ ಯಾವುದು ಉಳಿಯುವುದೆಂಬುದನ್ನು ಮುಂದಿನ ಕಾಲವು ಇದೇ ಬಗೆಯಲ್ಲಿ ನಿರ್ಣಯಿಸುವುದು. ಅಷ್ಟರೊಳಗೆ ಅವರ ಕೈಗೆ ಬೇಕಾದ ಮಾತುಗಳು ನಮ್ಮ ಅಲಕ್ಷ್ಯದಿಂದ ನಷ್ಟವಾಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸವಾಗಿದೆ.