‘ನಮ್ದು’ ಯಾರದು? ಕ್ರಿಕೆಟ್ ಅಭಿಮಾನ, ಪಕ್ಷನಿಷ್ಠೆ ಮತ್ತು ಆರೋಗ್ಯ ಯೋಜನೆಗಳ ವಾಗ್ವಾದದಲ್ಲಿ ಉತ್ತಮಪುರುಷ ಬಹುವಚನ

ಸಾರಾಂಶ: ಕ್ರಿಕೆಟ್ ಅಭಿಮಾನಿಗಳ ಮಾತು ಪಕ್ಷರಾಜಕಾರಣಕ್ಕೂ ಸರ್ಕಾರಿ ಆರೋಗ್ಯ ಯೋಜನೆಗಳಿಗೂ ಹೊರಳಿದಾಗ ‘ನಮ್ದು’ ಎಂಬ ರೂಪ ಬದಲಾಗದೆ ಉಳಿಯುತ್ತದೆ, ಆದರೆ ಅದು ಸೂಚಿಸುವ ಸಮೂಹ ಬದಲಾಗುತ್ತದೆ. ಈ ಹೊರಳುವಿಕೆ ಕನ್ನಡದಲ್ಲಿ ಗುರುತಿಲ್ಲದೆ ನಡೆಯುವುದಕ್ಕೆ ವ್ಯಾಕರಣದ ಕಾರಣಗಳಿವೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಿನ್ನೆಲೆಯಲ್ಲಿ, ತೆಲುಗಿನೊಡನೆ ಹೋಲಿಸಿ, ಆ ಕಾರಣಗಳನ್ನು ಇಲ್ಲಿ ವಿವರಿಸಿದ್ದೇವೆ.

1. ಸಮಸ್ಯೆಯ ನಿರೂಪಣೆ

ಕೆಳಗಿನ ಎರಡು ಸಂಭಾಷಣಾ ತುಣುಕುಗಳನ್ನು ಗಮನಿಸಬಹುದು. ಇವು, ಮತ್ತು ಮುಂದೆ ಬರುವ ಉದಾಹರಣೆಗಳು, ವಿವರಣೆಗಾಗಿ ನಾವೇ ರಚಿಸಿದವು. ಇಬ್ಬರೂ ಒಂದೇ ಊರಿನ ಗೆಳೆಯರು, ಒಂದೇ ಕ್ರಿಕೆಟ್ ತಂಡದ ಅಭಿಮಾನಿಗಳು, ಬೇರೆ ಬೇರೆ ಪಕ್ಷಗಳ ಬೆಂಬಲಿಗರು ಎಂದು ಭಾವಿಸಿಕೊಳ್ಳೋಣ.

(1) ಅ: ಈ ಸಲ ಕಪ್ ನಮ್ದೇ ಕಣೋ.
ಆ: ಹೂಂ ಕಣೋ, ನಮ್ದೇ.

(2) ಅ: ನಿಮ್ಮಪ್ಪನ ಆಪರೇಷನ್‌ಗೆ ದುಡ್ಡು ಕಟ್ಲಿಲ್ಲ ಅಂದ್ಯಲ್ಲ, ಆ ಕಾರ್ಡು ನಮ್ದೇ ಕಣೋ.
ಆ: ಅದ್ ಹೆಂಗ್ ನಿಮ್ದಾಗುತ್ತೆ? ಶುರು ಮಾಡಿದ್ದು ನಮ್ಮೋರು.

(1)ರಲ್ಲಿ ‘ನಮ್ದೇ’ ಎಂಬುದು ಕೇಳುಗನನ್ನು ಒಳಗೊಂಡಿದೆ. (2)ರಲ್ಲಿ ಅದೇ ರೂಪ ಅವನನ್ನು ಹೊರಗಿಟ್ಟಿದೆ. ಹೊರಗಿಟ್ಟಿದ್ದು ಮಾತಿನ ರೂಪದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೇಳುಗನು ‘ನಿಮ್ದು’ ಎಂದು ಮರುನುಡಿದಾಗ ಮಾತ್ರ ಗೋಚರವಾಗುತ್ತದೆ. ಕೇಳುಗನನ್ನು ಒಳಗೊಳ್ಳುವ ಅರ್ಥವನ್ನು ‘ಶ್ರೋತೃಸಹಿತ’ ಎಂದೂ ಹೊರಗಿಡುವ ಅರ್ಥವನ್ನು ‘ಶ್ರೋತೃರಹಿತ’ ಎಂದೂ ಕರೆಯುತ್ತೇವೆ. ಅಭಿಮಾನದ ಮಾತು ಜಗಳವಾಗುವ ಸ್ಥಳವು ಬಹಳ ಸಲ ಈ ಎರಡು ಅರ್ಥಗಳ ನಡುವಣ ಗುರುತಿಲ್ಲದ ಜಿಗಿತವೇ ಆಗಿರುತ್ತದೆ ಎಂಬುದು ನಮ್ಮ ಪ್ರತಿಪಾದನೆ.

2. ಪ್ರದೇಶ

ಈ ನಾಲ್ಕು ತಾಲ್ಲೂಕುಗಳು ತುಮಕೂರು ಕಂದಾಯ ಜಿಲ್ಲೆಗೆ ಸೇರಿದ್ದರೂ ಶಾಲಾ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಪಾವಗಡದ ಗಡಿಯ ಬಹುಭಾಗ ಆಂಧ್ರಪ್ರದೇಶಕ್ಕೆ ಹೊಂದಿಕೊಂಡಿದ್ದು, ಅಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಶಿರಾದ ಪಕ್ಕದ ಮಡಕಶಿರಾ ಆಂಧ್ರಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಭಾಷಿಕರಿದ್ದಾರೆ. ಹೀಗಾಗಿ ಉತ್ತಮಪುರುಷ ಬಹುವಚನದ ಎರಡು ಭಿನ್ನ ವ್ಯವಸ್ಥೆಗಳು ಇಲ್ಲಿ ಒಂದೇ ಬಾಯಲ್ಲಿ ಸಿಗುತ್ತವೆ.

ಪಕ್ಷನಿಷ್ಠೆಯ ‘ನಮ್ಮ’ ಎಷ್ಟು ಚಂಚಲವಾದುದು ಎಂಬುದಕ್ಕೆ ಶಿರಾ ಕ್ಷೇತ್ರ ಒಳ್ಳೆಯ ನಿದರ್ಶನ. 2018ರಲ್ಲಿ ಜನತಾದಳ (ಜಾತ್ಯತೀತ), 2020ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷ, 2023ರಲ್ಲಿ ಕಾಂಗ್ರೆಸ್ – ಐದು ವರ್ಷಗಳಲ್ಲಿ ಕ್ಷೇತ್ರವು ಮೂರು ಪಕ್ಷಗಳ ಪಾಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನ ಐಪಿಎಲ್ ತಂಡದ ಅಭಿಮಾನಿಗಳು 2008ರ ಮೊದಲ ಋತುವಿನಿಂದ ಹದಿನೇಳು ಸೋಲುಗಳ ಉದ್ದಕ್ಕೂ ‘ನಮ್ಮ ತಂಡ’ ಎಂಬ ಮಾತನ್ನು ಬಿಡಲಿಲ್ಲ. ಗೆದ್ದಾಗ ‘ನಾವು’ ಎಂದೂ ಸೋತಾಗ ‘ಅವರು’ ಎಂದೂ ಹೇಳುವ ಒಲವನ್ನು ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪ್ರಿಯ ವಿದ್ಯಾರ್ಥಿಗಳಲ್ಲಿ ಗುರುತಿಸಿದ್ದರು. ಸೋಲಿನಲ್ಲೂ ಉಳಿಯುವ ‘ನಮ್ಮ’ ಆ ವಿವರಣೆಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಸರ್ವನಾಮವು ಗೆಲುವಿನ ಪಾಲನ್ನು ಮಾತ್ರ ಹೇಳುತ್ತಿಲ್ಲ, ಜೊತೆಗೆ ಕಾಯುವವರ ಬಳಗವನ್ನೂ ಹೇಳುತ್ತಿದೆ.

3. ಘೋಷಣೆಯ ವ್ಯಾಕರಣ

‘ಈ ಸಲ ಕಪ್ ನಮ್ದೇ’ ಎಂಬುದು ಕ್ರಿಯಾಪದವಿಲ್ಲದ ನಾಮವಾಕ್ಯ. ‘ನಮ್ದು’ ಎಂಬುದು ‘ನಮ್ಮ’ ಮತ್ತು ನಪುಂಸಕ ಏಕವಚನದ ‘ಅದು’ ಸೇರಿ ಆದ ‘ನಮ್ಮದು’ ಎಂಬುದರ ಆಡುರೂಪ. ವಾಕ್ಯದಲ್ಲಿ ಕಾಲಸೂಚಕ ಪ್ರತ್ಯಯವಿಲ್ಲ. ಕಾಲವನ್ನು ‘ಈ ಸಲ’ ಎಂಬ ಪದಗುಚ್ಛವಷ್ಟೇ ಹೊರುತ್ತದೆ. ಆದ್ದರಿಂದ ಅದು ಭವಿಷ್ಯವಾಣಿಯೂ ಆಗಬಹುದು, ಹಕ್ಕುಸಾಧನೆಯೂ ಆಗಬಹುದು. ಕೊನೆಯ ‘ಏ’ ಅವಧಾರಣಾರ್ಥಕ: ‘ಬೇರೆಯವರದಲ್ಲ’ ಎಂಬ ನಿಷೇಧವನ್ನು ಅದು ಒಳಗಿರಿಸಿಕೊಂಡಿದೆ.

ಈ ‘ಏ’ಕಾರದ ಕೆಲಸವನ್ನು ಕನ್ನಡ ಮಾತೃಭಾಷೆಯಲ್ಲದ ಆಟಗಾರ್ತಿಯೊಬ್ಬರು ಎಲ್ಲರೆದುರು ಸ್ಪಷ್ಟಪಡಿಸಿದರು. 2024ರ ಮಾರ್ಚ್ 17ರಂದು ಬೆಂಗಳೂರಿನ ಮಹಿಳಾ ತಂಡವು ಮಹಿಳಾ ಪ್ರೀಮಿಯರ್ ಲೀಗ್ ಗೆದ್ದ ಮೇಲೆ ನಾಯಕಿ ಸ್ಮೃತಿ ಮಂಧಾನ, ಇನ್ನು ‘ನಮ್ದೇ’ ಅಲ್ಲ, ‘ನಮ್ದು’ ಎಂಬ ಅರ್ಥದ ಮಾತನ್ನಾಡಿದರು. ಪ್ರತಿಸ್ಪರ್ಧಿಗಳ ಹಕ್ಕು ಇನ್ನೂ ಜೀವಂತವಾಗಿರುವಾಗ ಅವಧಾರಣೆ ಬೇಕು. ಕಪ್ ಕೈಸೇರಿದ ಮೇಲೆ ಅಲ್ಲಗಳೆಯಬೇಕಾದ ಹಕ್ಕು ಉಳಿದಿರುವುದಿಲ್ಲ, ಬರಿಯ ಹೇಳಿಕೆ ಸಾಕು.

ನಿಷೇಧದಲ್ಲಿ ಇನ್ನೊಂದು ಸಂಗತಿ ಹೊರಬೀಳುತ್ತದೆ. ‘ನಮ್ದೇ ಅಲ್ಲ’ ಎಂದರೆ ‘ನಮ್ಮದು ಹೌದು, ಆದರೆ ನಮ್ಮದಷ್ಟೇ ಅಲ್ಲ’ ಎಂಬ ಅರ್ಥ ಸಹಜವಾಗಿ ಬರುವುದಿಲ್ಲ. ‘ನಮಗೆ ಸೇರಿದ್ದೇ ಅಲ್ಲ’ ಎಂಬ ಪೂರ್ಣ ನಿರಾಕರಣೆ ಬರುತ್ತದೆ. ಪಾಲನ್ನು ಒಪ್ಪಿಕೊಳ್ಳಬೇಕಾದರೆ ‘ನಮ್ದೊಂದೇ ಅಲ್ಲ’, ‘ನಮ್ದೇ ಏನಲ್ಲ’ ಎನ್ನಬೇಕು, ಇಲ್ಲವೆ ‘ಊ’ಕಾರವನ್ನು ತಂದು ‘ನಮ್ದೂ ಹೌದು, ನಿಮ್ದೂ ಹೌದು’ ಎನ್ನಬೇಕು. ಅಂದರೆ ಘೋಷಣೆಯನ್ನು ಸುಮ್ಮನೆ ನಿಷೇಧಿಸಿ ಪಾಲುದಾರಿಕೆಗೆ ಬರಲಾಗದು, ರೂಪವನ್ನೇ ಬದಲಿಸಬೇಕಾಗುತ್ತದೆ.

ಪುರುಷರ ತಂಡ 2025ರ ಜೂನ್ 3ರಂದು ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸರ್ಕಾರದ ಸನ್ಮಾನ ನಡೆಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆಗಿನ ಗೃಹಸಚಿವರು ಕೊರಟಗೆರೆಯ ಶಾಸಕ ಜಿ. ಪರಮೇಶ್ವರ ಆಗಿದ್ದರಿಂದ ವಿಷಯವು ಈ ಪ್ರದೇಶದ ರಾಜಕೀಯ ಮಾತಿಗೂ ಹತ್ತಿರದ್ದಾಯಿತು. ಒಂದೇ ದಿನದಲ್ಲಿ ಅಭಿಮಾನಿಗಳ ಮಾತಿನ ಕರ್ತೃಪದ ಬದಲಾಯಿತು: ‘ಕಪ್ ನಮ್ದು’ ಎಂಬಲ್ಲಿ ‘ಹೊಣೆ ಯಾರದು?’ ಎಂಬುದು ಬಂದಿತು. ಸಂತೋಷಕ್ಕೆ ಶ್ರೋತೃಸಹಿತವಾಗಿದ್ದ ಷಷ್ಠೀರೂಪ, ಹೊಣೆಯ ಪ್ರಶ್ನೆ ಎದ್ದಕೂಡಲೇ ಪಕ್ಷ, ಆಡಳಿತ, ಆಯೋಜಕರು ಎಂದು ಒಡೆಯಿತು.

4. ಯೋಜನೆಗಳ ಒಡೆತನ

ಆರೋಗ್ಯ ಯೋಜನೆಗಳ ಇತಿಹಾಸದಲ್ಲಿ ‘ನಮ್ದೇ’ ಎಂಬ ವಾದಕ್ಕೆ ಗಟ್ಟಿಯಾದ ನೆಲೆ ಸಿಗುವುದಿಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2003ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರದ ಅವಧಿಯಲ್ಲಿ ಆರಂಭವಾಯಿತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ಅದನ್ನು ಮತ್ತೆ ಜಾರಿಗೊಳಿಸುವ ಘೋಷಣೆ ಬಂದದ್ದು 2022–23ರ ಬಜೆಟ್‌ನಲ್ಲಿ, ಬಸವರಾಜ ಬೊಮ್ಮಾಯಿ ಅವರ ಭಾಜಪ ಸರ್ಕಾರದಿಂದ. 2023ರ ನಂತರ ಅದನ್ನು ಮುಂದುವರಿಸಿದ ಸಹಕಾರ ಇಲಾಖೆಯ ಸಚಿವಸ್ಥಾನದಲ್ಲಿ 2025ರ ಆಗಸ್ಟ್‌ವರೆಗೆ ಇದ್ದವರು ಮಧುಗಿರಿಯ ಕಾಂಗ್ರೆಸ್ ಶಾಸಕ ಕೆ.ಎನ್. ರಾಜಣ್ಣ.

ಇನ್ನೊಂದು ಸರಣಿಯೂ ಹೀಗೆಯೇ ಇದೆ. 2010ರಲ್ಲಿ ಭಾಜಪ ಸರ್ಕಾರ ವಾಜಪೇಯಿ ಆರೋಗ್ಯಶ್ರೀಯನ್ನು ತಂದಿತು. 2018ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ಆರೋಗ್ಯ ಕರ್ನಾಟಕವನ್ನು ಆರಂಭಿಸಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಎಚ್.ಡಿ. ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರದ ಕಾಲದಲ್ಲಿ, ಅದು ಕೇಂದ್ರದ ಯೋಜನೆಯೊಡನೆ ಸೇರಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಆಯಿತು. 2023ರಿಂದ ಹೆಸರಿನ ಒಂದು ಬದಿಯಲ್ಲಿ ‘ಪ್ರಧಾನಮಂತ್ರಿ’, ಇನ್ನೊಂದು ಬದಿಯಲ್ಲಿ ‘ಮುಖ್ಯಮಂತ್ರಿ’ ಎಂಬ ಪದಗಳು ಕುಳಿತಿವೆ. ರಚನೆಯಲ್ಲಿ ಇದು ದ್ವಂದ್ವಸಮಾಸವನ್ನು ಹೋಲುತ್ತದೆ. ಎರಡು ಪದಗಳಿಗೂ ಸಮಾನ ಪ್ರಾಧಾನ್ಯ. ಆಡುಮಾತಿನಲ್ಲಿ ಅದು ಬರಿಯ ‘ಕಾರ್ಡು’ ಆಗುತ್ತದೆ. ಹೆಸರಿನೊಳಗಿದ್ದ ‘ಊ’ಕಾರದ ಅರ್ಥ, ‘ಅವರದೂ ಇವರದೂ’ ಎಂಬುದು, ಕಾರ್ಡು ಎಂಬ ಸಂಕ್ಷೇಪದಲ್ಲಿ ಕಳೆದುಹೋಗಿ ‘ಏ’ಕಾರಕ್ಕೆ ಜಾಗ ತೆರವಾಗುತ್ತದೆ.

ಉದಾಹರಣೆ (2)ರ ‘ಶುರು ಮಾಡಿದ್ದು ನಮ್ಮೋರು’ ಎಂಬ ರಚನೆಯನ್ನೂ ಗಮನಿಸಬೇಕು. ‘ನಮ್ಮೋರು ಶುರು ಮಾಡಿದ್ರು’ ಎಂಬ ಸರಳ ವಾಕ್ಯದಲ್ಲಿ ಕ್ರಿಯೆಯೇ ಹೇಳಿಕೆ. ಕೃದಂತನಾಮವು ಮುಂದೆ ಬಂದಾಗ ಕ್ರಿಯೆಯು ಪೂರ್ವಗೃಹೀತವಾಗಿ, ಕರ್ತೃ ಮಾತ್ರ ಚರ್ಚೆಯ ವಸ್ತುವಾಗುತ್ತದೆ. ವಾದವು ‘ಮಾಡಿದ್ದು ಯಾರು’ ಎಂಬ ಈ ಅಚ್ಚಿನಲ್ಲಿ ಸಾಗುತ್ತಿರುವಷ್ಟು ಹೊತ್ತು ‘ಮಾಡಿದ್ದು ಏನು’ ಎಂಬ ಪ್ರಶ್ನೆ ಏಳುವುದಿಲ್ಲ. ಆದರೆ ರೋಗಿಯ ಮನೆಯವರಿಗೆ ಬೇಕಾದುದು ಈ ಎರಡನೆಯ ಪ್ರಶ್ನೆ. ಸಂಯುಕ್ತ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭವನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇಂಥ ಷರತ್ತುಗಳ ಮೇಲೆ ನಡೆಯಬೇಕಾದ ವಾದವನ್ನು ಒಡೆತನದ ವ್ಯಾಕರಣವು ಪೂರ್ವಗ್ರಹಿಕೆಯ ನೆರಳಿಗೆ ತಳ್ಳುತ್ತದೆ.

5. ಪಾವಗಡದ ಎರಡು ‘ನಮ್ಮ’ಗಳು

ಶ್ರೋತೃಸಹಿತ–ರಹಿತ ಭೇದ ದ್ರಾವಿಡ ಭಾಷೆಗಳಿಗೆ ಹಳೆಯದು. ಭದ್ರಿರಾಜು ಕೃಷ್ಣಮೂರ್ತಿ ಅವರು ಮೂಲದ್ರಾವಿಡಕ್ಕೆ ಎರಡು ಪ್ರತ್ಯೇಕ ಸರ್ವನಾಮಗಳನ್ನು ಪುನಾರಚಿಸಿದ್ದಾರೆ. ತಮಿಳಿನ ‘ನಾಮ್’ ಮತ್ತು ‘ನಾಂಗಳ್’, ತುಳುವಿನ ‘ನಮ’ ಮತ್ತು ‘ಎಂಕುಳು’, ತೆಲುಗಿನ ‘ಮನಮು’ ಮತ್ತು ‘ಮೇಮು’ ಈ ಭೇದವನ್ನು ಇಂದಿಗೂ ಪಾಲಿಸುತ್ತವೆ. ಕನ್ನಡದಲ್ಲಿ ಪ್ರಾಚೀನ ಶ್ರೋತೃರಹಿತ ಮೂಲಕ್ಕೆ ಸೇರಿದ ‘ಎಮ್ಮ’, ‘ಎಮಗೆ’ ರೂಪಗಳು ಹಳೆಯ ಕಾವ್ಯಭಾಷೆಯಲ್ಲಿ ಉಳಿದು, ಆಡುಮಾತಿನಿಂದ ಮರೆಯಾದವು. ಶ್ರೋತೃಸಹಿತ ಮೂಲದ ‘ನಮ್ಮ’ ಎರಡೂ ಕೆಲಸಗಳನ್ನು ವಹಿಸಿಕೊಂಡಿತು.

ಪಾವಗಡದ ದ್ವಿಭಾಷಿಕನು ಕಪ್ಪಿನ ಘೋಷಣೆಯನ್ನು ತೆಲುಗಿನಲ್ಲಿ ಹೇಳಹೊರಟರೆ ವ್ಯಾಕರಣವು ಅವನನ್ನು ಆಯ್ಕೆಗೆ ನಿಲ್ಲಿಸುತ್ತದೆ:

(3) ಈ ಸಾರಿ ಕಪ್ಪು ಮನದೇ. (ಸಹ ಅಭಿಮಾನಿಗೆ)
(4) ಈ ಸಾರಿ ಕಪ್ಪು ಮಾದೇ. (ಎದುರು ತಂಡದ ಅಭಿಮಾನಿಗೆ)

ಯೋಜನೆಯ ವಿಷಯದಲ್ಲೂ ಇದೇ ನಿಯಮ. ‘ಆ ಪಥಕಂ ಮಾದಿ’ ಎಂದರೆ ನಮ್ಮ ಪಕ್ಷದ್ದು, ನಿನ್ನದಲ್ಲ. ‘ಆ ಪಥಕಂ ಮನದಿ’ ಎಂದರೆ ನಿನ್ನನ್ನೂ ಸೇರಿಸಿ ನಮ್ಮದು. ಕನ್ನಡದಲ್ಲಿ ಮರುಪ್ರಶ್ನೆಯವರೆಗೆ ಮರೆಯಾಗಿರುವ ಬೇಲಿ ತೆಲುಗಿನಲ್ಲಿ ಮೊದಲ ಪದದಲ್ಲೇ ಕಾಣುತ್ತದೆ. ಇದರಿಂದ ತೆಲುಗಿನ ವಾದ ಹೆಚ್ಚು ಸೌಮ್ಯವೆಂದು ಹೇಳಲಾಗದು. ಹೊರಗಿಡುವ ಮಾತಿಗೆ ಅಲ್ಲಿ ಮಾತುಗಾರನೇ ಬಾಧ್ಯ, ‘ನಾನು ಹಾಗೆ ಹೇಳಲಿಲ್ಲ’ ಎಂದು ಹಿಂದೆ ಸರಿಯುವ ದಾರಿ ಕಿರಿದು ಎಂಬಷ್ಟನ್ನು ಹೇಳಬಹುದು.

ಈ ಭೇದಕ್ಕೂ ಒಂದು ಮಿತಿಯಿದೆ. ಆಂಧ್ರದಲ್ಲಿ ಆರೋಗ್ಯಶ್ರೀ 2007ರಲ್ಲಿ ಆರಂಭವಾಯಿತು. ಮೂರು ವರ್ಷಗಳ ನಂತರ ಕರ್ನಾಟಕದ ಯೋಜನೆಯ ಹೆಸರಲ್ಲೂ ಅದೇ ಪದ ಬಂದಿತು. ಹಿಂದೂಪುರದ ನೆಂಟನೊಡನೆ ಪಾವಗಡದವನು ‘ಮನ ಆರೋಗ್ಯಶ್ರೀ’ ಎಂದರೆ ಸರ್ವನಾಮವು ಇಬ್ಬರನ್ನೂ ಒಂದು ಮಾಡುತ್ತದೆ, ಪಡಿತರ ಚೀಟಿ ಒಂದು ಮಾಡುವುದಿಲ್ಲ. ಕೇಳುಗನು ಒಳಗಿದ್ದಾನೆಯೇ ಎಂಬುದನ್ನು ವ್ಯಾಕರಣ ತೀರ್ಮಾನಿಸಬಲ್ಲದು. ಫಲಾನುಭವಿ ಯಾರೆಂಬುದನ್ನು ರಾಜ್ಯದ ಗಡಿ ತೀರ್ಮಾನಿಸುತ್ತದೆ.

6. ಉಪಸಂಹಾರ

ಕನ್ನಡವು ಕಳೆದುಕೊಂಡ ಭೇದವನ್ನು ಭಾಷಿಕರು ಬೇರೆ ಸಾಧನಗಳಿಂದ ತುಂಬಿಕೊಂಡಿದ್ದಾರೆ. ಶ್ರೋತೃಸಹಿತಕ್ಕೆ ‘ನಮ್ಮ ನಿಮ್ಮೆಲ್ಲರ’, ‘ನಮ್ದೂ ನಿಮ್ದೂ’. ಶ್ರೋತೃರಹಿತಕ್ಕೆ ‘ನಮ್ಮೋರು’, ‘ನಮ್ ಕಡೆಯೋರು’. 2022ರ ಡಿಸೆಂಬರ್‌ನಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಎಂಬ ಹೆಸರು ಈ ಸಾಧನಗಳಿಲ್ಲದೆ ನಿಂತಿರುವುದರಿಂದ ಎರಡು ಬಗೆಯಲ್ಲೂ ಓದಿಸಿಕೊಳ್ಳುತ್ತದೆ: ಬಾಗಿಲಿಗೆ ಬಂದ ರೋಗಿಗೆ ಅದು ಎಲ್ಲರದು, ವೇದಿಕೆಯ ಮೇಲಿನ ಕಾರ್ಯಕರ್ತನಿಗೆ ತನ್ನ ಸರ್ಕಾರದ್ದು.

ಈ ಕ್ಷೇತ್ರದಲ್ಲಿ ಕೆಲಸ ಮಾಡಲಿರುವ ಸಂಶೋಧನಾರ್ಥಿಗಳಿಗೆ ಇದರಿಂದ ಒಂದು ವಿಧಾನಸೂಚನೆ ದೊರೆಯುತ್ತದೆ. ‘ನಮ್ದು’ ಎಂಬುದನ್ನು ಬಿಡಿ ವಾಕ್ಯಗಳಿಂದ ಎಣಿಸಿದರೆ ಅಭಿಮಾನವೂ ಪಕ್ಷನಿಷ್ಠೆಯೂ ಒಂದೇ ರಾಶಿಯಲ್ಲಿ ಬೀಳುತ್ತವೆ. ವಾಕ್ಯದೊಡನೆ ಕೇಳುಗನನ್ನೂ, ಅವನ ಮರುಮಾತನ್ನೂ, ‘ಏ’, ‘ಊ’ ಪ್ರತ್ಯಯಗಳನ್ನೂ ದಾಖಲಿಸಬೇಕು. ದ್ವಿಭಾಷಿಕರಿಂದ ಅದೇ ಮಾತಿನ ತೆಲುಗು ರೂಪವನ್ನು ಕೇಳಿ ಪಡೆದರೆ ಕನ್ನಡ ವಾಕ್ಯದಲ್ಲಿ ಅಡಗಿರುವ ಉದ್ದೇಶ ‘ಮನ’ ಅಥವಾ ‘ಮಾ’ ಎಂಬ ಒಂದು ಅಕ್ಷರದ ಅಂತರದಲ್ಲಿ ತಿಳಿದುಬರುತ್ತದೆ. ಕಪ್ ಒಂದು ವರ್ಷಕ್ಕೆ ಒಬ್ಬರದೇ ಆಗಬಲ್ಲದು. ಅಲ್ಲಿ ‘ಏ’ಕಾರ ಸಲ್ಲುತ್ತದೆ. ನಾಲ್ಕಾರು ಸರ್ಕಾರಗಳು ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ಚಿಕಿತ್ಸಾ ವ್ಯವಸ್ಥೆಗೆ ಕನ್ನಡದಲ್ಲಿ ಸಲ್ಲುವ ಪ್ರತ್ಯಯ ‘ಊ’.