ಅಂಗೈಯ ಪರದೆಗೆ ಬಂದ ಮನೆಯಾಟ

ಭಾರತೀಯರ ಆಟದ ಅಭಿರುಚಿಯನ್ನೇ ನೆಚ್ಚಿಕೊಂಡು ಬೆಳೆದ ಮೊಬೈಲ್ ಆಟದ ಸಂಸ್ಥೆಗಳಲ್ಲಿ ಬೆಂಗಳೂರಿನ ಮೂನ್‌ಫ್ರಾಗ್ ಲ್ಯಾಬ್ಸ್ ಗಮನಾರ್ಹವಾದುದು. 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಕಲೆಯನ್ನು ಒದಗಿಸಿ ಈ ನಗರದಲ್ಲಿ ಉದ್ಯಮದ ತಳಹದಿ ಹಾಕಿತ್ತು. ಅಮೆರಿಕದ ಜಿಂಗಾ ಕಂಪನಿಯ ಇಲ್ಲಿನ ಕಚೇರಿಯಲ್ಲಿ ಪಳಗಿದ ಕೆಲವರು 2013ರಲ್ಲಿ ಮೂನ್‌ಫ್ರಾಗನ್ನು ಕಟ್ಟಿ, ಸ್ವದೇಶದ ಆಟಗಾರರ ಕಡೆಗೇ ಮುಖಮಾಡಿದರು. ಮನೆಮನೆಗಳಲ್ಲಿ ನಡೆಯುತ್ತಿದ್ದ ಇಸ್ಪೀಟಿನ ತೀನ್‌ಪತ್ತಿಯನ್ನೂ ಲೂಡೊವನ್ನೂ ಅವರು ಮೊಬೈಲಿಗೆ ತಂದದ್ದೇ ಸಂಸ್ಥೆಯ ಏಳಿಗೆಗೆ ಮುಖ್ಯ ಕಾರಣವೆನ್ನಬೇಕು.

ಇಂಥ ಆಟಗಳು ಉಚಿತವಾಗಿ ದೊರೆಯುತ್ತವೆ. ಜಾಹೀರಾತುಗಳಿಂದಲೂ, ಆಟದೊಳಗೆ ಮಾತ್ರ ಚಲಾವಣೆಯಾಗುವ ನಾಣ್ಯಗಳ ಮಾರಾಟದಿಂದಲೂ ಆದಾಯ ಬರುತ್ತದೆ. ದಾಳ ಉರುಳುವುದು ಪರದೆಯ ಮೇಲೆ ಕಂಡರೂ ಎಷ್ಟು ಗರ ಬಿತ್ತೆಂಬುದನ್ನು ಸಾಮಾನ್ಯವಾಗಿ ನಿರ್ಧರಿಸುವುದು ಸರ್ವರ್, ಎಂದರೆ ಎಲ್ಲ ಆಟಗಾರರನ್ನೂ ಜೋಡಿಸುವ ದೂರದ ಗಣಕಯಂತ್ರ. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ಟಿನ ಬೆಲೆ ಇಳಿದ ಮೇಲೆ ಸಣ್ಣ ಊರುಗಳ ಜನರೂ ಈ ಆಟಗಳತ್ತ ಬಂದರು. 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಸಮೂಹವು ಸುಮಾರು 9 ಕೋಟಿ ಡಾಲರ್ ತೆತ್ತು ಮೂನ್‌ಫ್ರಾಗನ್ನು ಕೊಂಡುಕೊಂಡಿತು.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಓದುಗರಿಗೆ ಈ ಬೆಳವಣಿಗೆಯಲ್ಲಿ ವಿಶೇಷ ಆಸಕ್ತಿಯಿರಲು ಕಾರಣವುಂಟು. ಲೂಡೊ ನಮ್ಮ ಪಗಡೆಯ ಕುಲಕ್ಕೆ ಸೇರಿದ್ದು. ಅದೇ ಕುಲದ ಚೌಕಾಬಾರ ಹಳೇ ಮೈಸೂರು ಸೀಮೆಯ ಮನೆಯಾಟ. ಐದೈದು ಮನೆಗಳ ಚೌಕದಲ್ಲಿ, ನಾಲ್ಕು ಕವಡೆಗಳನ್ನೋ ಒಂದು ಮಗ್ಗುಲು ಉಜ್ಜಿದ ಹುಣಸೆಬೀಜಗಳನ್ನೋ ಎಸೆದು ಇದನ್ನು ಆಡುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಬೋರಲಾದರೆ ಎಂಟು ಗರದ ಬಾರ. ಎದುರಾಳಿಯ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವು, ಬರೀ ಅದೃಷ್ಟದ ಆಟವಾಗಬಹುದಾಗಿದ್ದ ಇದಕ್ಕೆ ಯುಕ್ತಿಯ ಬಿಗಿಯನ್ನು ತಂದುಕೊಟ್ಟಿದೆ. ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ.

ನಂಜನಗೂಡಿನ ಶ್ರೀಕಂಠೇಶ್ವರನ ಪರಮಭಕ್ತರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹಲಗೆಯಾಟಗಳನ್ನು ರೂಪಿಸಿದವರು; ಚದುರಂಗದ ಕುದುರೆಯೊಂದೇ ಒಮ್ಮೆ ನಿಂತ ಮನೆಯಲ್ಲಿ ಮತ್ತೆ ನಿಲ್ಲದೆ 64 ಮನೆಗಳನ್ನೂ ಸುತ್ತಿಬರುವ ಕ್ರಮಗಳನ್ನು ರಚಿಸಿದ ಅವರ ಜಾಣ್ಮೆಯನ್ನು ಗಣಿತಜ್ಞರು ಇಂದಿಗೂ ಸ್ಮರಿಸುತ್ತಾರೆ. ಆಟದ ನಿಯಮಗಳನ್ನು ಕಟ್ಟುವುದು ಹೀಗೆ ಈ ನೆಲಕ್ಕೆ ಹೊಸ ವಿದ್ಯೆಯೇನಲ್ಲ. ಮನೆಯಾಟವನ್ನೇ ನಂಬಿ ಕಂಪನಿಯೊಂದು ಈ ಮಟ್ಟಕ್ಕೆ ಬೆಳೆಯಬಲ್ಲುದಾದರೆ, ಕಪಿಲೆಯ ದಂಡೆಯ ಊರುಗಳಲ್ಲಿ ಕಂಪ್ಯೂಟರ್ ಶಿಕ್ಷಣ ಪಡೆಯುತ್ತಿರುವ ತರುಣ ತರುಣಿಯರು ಮೊದಲು ತಮ್ಮ ಅಜ್ಜಿಯರಿಂದ ಚೌಕಾಬಾರದ ನಿಯಮಗಳನ್ನು ಕೇಳಿ ಬರೆದುಕೊಳ್ಳಬೇಕು.